ನಜರೆತ್ತಿನ ವಾದ್ಯದ ಮನೆ

ಅಮೆರಿಕಾ ದೇಶದಲ್ಲಿ ನೋಡತಕ್ಕ ಸ್ಥಳಗಳಾವುವೆಂದು ಕೇಳಿದರೆ ನಯಾಗರದ ಜಲಪಾತವನ್ನೂ ನ್ಯೂಯಾರ್ಕಿನ ಮುಗಿಲುಮುಟ್ಟುವ ಸೌಧಗಳನ್ನೂ ಹೆಸರಿಸುವುದು ಜನರ ವಾಡಿಕೆ. ನಾವೂ ಅವುಗಳನ್ನು ನೋಡಿ, ಎಲ್ಲರಂತೆ ಬೆರಗಾಗಿ ಬಂದೆವು. ಆದರೆ ಊರಿಗೆ ಹಿಂದಿರುಗಿದ ಮೇಲೆ ನಮಗೆ ಹೆಚ್ಚಾಗಿ ನೆನಪಾಗುತ್ತಿರುವುದು ಪೆನ್ಸಿಲ್ವೇನಿಯಾ ಪ್ರಾಂತದ ಒಂದು ಸಣ್ಣ ಊರು. ಅಲ್ಲಿನ ಒಂದು ಕಾರ್ಖಾನೆಯಲ್ಲಿ ಬಾಗಿಸಿದ ಮರದ ಪಟ್ಟಿಗೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಒಂದೊಂದಾಗಿ ಸಿಕ್ಕಿಸುತ್ತಿದ್ದ ಒಬ್ಬ ಹೆಂಗಸಿನ ಕೈಗಳು. ಆ ಊರಿನ ಹೆಸರು ನಜರೆತ್. ಆ ಕಾರ್ಖಾನೆಯು ಮಾರ್ಟಿನ್ ಮನೆತನದ ಗಿಟಾರು ಕಾರ್ಖಾನೆ. 1833ರಲ್ಲಿ ಹುಟ್ಟಿದ ಈ ಉದ್ಯಮವು ಒಂದೇ ಮನೆತನದ ಆರು ತಲೆಮಾರುಗಳ ಕೈದಾಟಿ ಬಂದಿದೆಯೆಂಬುದನ್ನು ಕೇಳಿದ ಮೇಲೆ ಅದನ್ನು ನೋಡದೆ ಬರುವುದು ನಮಗೆ ಸರಿತೋರಲಿಲ್ಲ.

ನಮ್ಮನ್ನು ಅಲ್ಲಿಗೆ ಎಳೆದುಕೊಂಡು ಹೋದವನು ನಮ್ಮ ಮೊಮ್ಮಗ. ಮಗಳು ಅಳಿಯಂದಿರು ನ್ಯೂಜೆರ್ಸಿ ಪ್ರಾಂತದಲ್ಲಿ ನೆಲಸಿ ಬಹುಕಾಲವಾಯಿತು. ಹುಡುಗನಿಗೆ ಹದಿಮೂರು ವರ್ಷ. ಅವನು ಶಾಲೆಯಲ್ಲಿ ಗಿಟಾರು ಕಲಿಯುತ್ತಿದ್ದಾನೆ. ಮನೆಯಲ್ಲಿ ಅವನ ಅಜ್ಜಿಯು, ತಾನು ಹಿಂದೆ ವೀಣೆಯಲ್ಲಿ ಕಲಿತ ನಾಲ್ಕು ಪಾಠಗಳನ್ನು ಅದೇ ಗಿಟಾರಿನ ಮೇಲೆ ಅವನಿಗೆ ಹೇಳಿಕೊಡಲು ಹೊರಟಿದ್ದಳು. ಪಿಯಾನೋ ಮನೆಗಳಂತೆ ಸ್ವರಗಳನ್ನು ಗೊತ್ತಾದ ಸ್ಥಾನಗಳಲ್ಲಿ ಕಟ್ಟಿಹಾಕಿರುವ ಆ ವಾದ್ಯದಲ್ಲಿ ಗಮಕ ಸಲೀಸಾಗಿ ಬರುವುದಿಲ್ಲವೆಂದು ಆಕೆಯ ಆಕ್ಷೇಪಣೆ. ಒಳ್ಳೆಯ ಗಿಟಾರನ್ನು ಅಜ್ಜಿ ನೋಡಿಯೇ ಇಲ್ಲವೆಂದು ಹುಡುಗನ ವಾದ. ಈ ವ್ಯಾಜ್ಯವು ತೀರಲೆಂದು ಒಂದು ದಿನ ಬೆಳಿಗ್ಗೆ ಎಲ್ಲರೂ ಮೋಟಾರಿನಲ್ಲಿ ಹೊರಟೆವು.

ನ್ಯೂಯಾರ್ಕು ನಗರಕ್ಕೆ ಪಶ್ಚಿಮದಲ್ಲಿ ಸುಮಾರು 120 ಕಿಲೋಮೀಟರು ದೂರದಲ್ಲಿ, ಲೀಹೈ ನದಿಯ ಕಣಿವೆಯ ಸೀಮೆಯಲ್ಲಿ ನಜರೆತ್ ಇದೆ. ಸುತ್ತಲೂ ತಗ್ಗು ದಿಣ್ಣೆಗಳು, ಜೋಳದ ಹೊಲಗಳು. ಉತ್ತರ ದಿಗಂತದಲ್ಲಿ ನೀಲಿಯಾಗಿ ಒಂದು ಬೆಟ್ಟದ ಸಾಲು. ನೆಲದಲ್ಲಿ ಸುಣ್ಣದ ಕಲ್ಲು ಹೇರಳವಾಗಿರುವುದರಿಂದ ಇದು ಸಿಮೆಂಟಿಗೆ ಹೆಸರಾದ ಪ್ರದೇಶ. ಊರನ್ನು 1740ರಲ್ಲಿ ಸ್ಥಾಪಿಸಿದವರು ಮೊರೇವಿಯನ್ ಎಂಬ ಕ್ರೈಸ್ತ ಪಂಥದವರು. ಸಮೀಪದಲ್ಲಿಯೇ ಅವರದೇ ಬೆತ್ಲೆಹೆಮ್ ಎಂಬ ಪಟ್ಟಣವೂ ಇದೆ. ಧರ್ಮಗ್ರಂಥದಿಂದ ಆಯ್ದ ಹೆಸರುಗಳನ್ನು ಊರುಗಳಿಗಿಟ್ಟುಕೊಂಡ ಈ ಜನರು ಸಂಗೀತಪ್ರಿಯರು. ಪೂಜೆಯಲ್ಲಿ, ಹಬ್ಬದಲ್ಲಿ, ಮರಣದಲ್ಲಿ ಕೂಡ ಅವರಿಗೆ ವಾದ್ಯಗಳು ಬೇಕು. ಆದರೆ ಬಹುಕಾಲದವರೆಗೆ ತಮ್ಮ ಪಂಥದವರಲ್ಲದವರಿಗೆ ಅವರು ನಜರೆತ್ತಿನಲ್ಲಿ ಮನೆ ಮಾಡಲು ಅವಕಾಶ ಕೊಡುತ್ತಿರಲಿಲ್ಲ. ಆದಕಾರಣ ಇಂದು ಈ ಊರಿನ ಹೆಸರನ್ನು ಲೋಕಪ್ರಸಿದ್ಧವಾಗಿ ಮಾಡಿರುವ ಮಾರ್ಟಿನನು ಮೊದಮೊದಲು ಊರ ಹೊರಗಿನ ಚೆರಿ ಹಿಲ್ ಎಂಬಲ್ಲಿ ವಾಸಮಾಡಬೇಕಾಯಿತು.

ಈತನ ಪೂರ್ಣನಾಮ ಕ್ರಿಸ್ಟಿಯನ್ ಫ್ರೆಡರಿಕ್ ಮಾರ್ಟಿನ್. ಹುಟ್ಟಿದುದು 1796ರಲ್ಲಿ, ಜರ್ಮನಿಯ ಸ್ಯಾಕ್ಸನಿ ಸೀಮೆಯ ಮಾರ್ಕ್‌ನಾಯ್‌ಕಿರ್ಶೆನ್ ಎಂಬ ಊರಿನಲ್ಲಿ. ವಾದ್ಯ ತಯಾರಿಕೆಯೇ ಆ ಊರಿನ ಕಸುಬು. ಆದರೆ ಈತನ ತಂದೆ ಪಿಟೀಲು ಮಾಡುವವನಲ್ಲ. ಪೆಟ್ಟಿಗೆ, ಬೀರು, ಮೇಜುಗಳನ್ನು ಮಾಡುವ ಬಡಗಿ. ಮಗನು ಎಳೆಯ ವಯಸ್ಸಿನಲ್ಲಿ ವಿಯೆನ್ನಾ ನಗರಕ್ಕೆ ಹೋಗಿ, ಅಲ್ಲಿ ಗಿಟಾರು ಮಾಡುವುದರಲ್ಲಿ ಹೆಸರಾಂತ ಯೋಹಾನ್ ಗೇಯೋರ್ಗ್ ಸ್ಟೌಫರ್ ಎಂಬಾತನ ಕೈಕೆಳಗೆ ಕೆಲಸ ಕಲಿತನು. ಆ ನಗರದಲ್ಲಿಯೇ ಹಾರ್ಪ್ ವಾದ್ಯ ಮಾಡುವವನೊಬ್ಬನ ಮಗಳಾದ ಒಟಿಲಿಯೆಂಬಾಕೆಯನ್ನು ಮದುವೆಯಾಗಿ, ತರುವಾಯ ಹುಟ್ಟೂರಿಗೆ ಬಂದನು.

ಹುಟ್ಟೂರಿನಲ್ಲಿ ಕಾದಿದ್ದುದು ಜಗಳ. ಆ ಕಾಲದ ಜರ್ಮನಿಯಲ್ಲಿ ಒಂದೊಂದು ಕಸುಬಿಗೂ ಒಂದೊಂದು ಶ್ರೇಣಿ ಇದ್ದಿತು. ನಮ್ಮಲ್ಲಿ ಕುಲಕಸುಬಿಗೆ ಕಟ್ಟುಗಳಿದ್ದಂತೆಯೇ ಅಲ್ಲಿಯೂ ಯಾರು ಏನು ಮಾಡಬಹುದು, ಏನು ಮಾಡಕೂಡದು ಎಂಬುದನ್ನು ಶ್ರೇಣಿಯೇ ಗೊತ್ತುಮಾಡುತ್ತಿತ್ತು. ಗಿಟಾರು ಮಾಡುವ ಹಕ್ಕು ತಮ್ಮದೇ ಎಂದು ಪಿಟೀಲಿನವರ ಶ್ರೇಣಿಯು 1826ರಲ್ಲಿ ಅಧಿಕಾರಿಗಳಿಗೆ ದೂರು ಕೊಟ್ಟಿತು. ತಮ್ಮದು ಕಲೆ, ಬಡಗಿಗಳದು ಮೇಜು ಕುರ್ಚಿಗಳ ಕೆಲಸ. ಇವರಿಗೂ ವಾದ್ಯಕ್ಕೂ ಏನು ಸಂಬಂಧ ಎಂಬುದು ಅವರ ವಾದದ ಸಾರ. ಮೊಕದ್ದಮೆಯು ವರ್ಷಗಳವರೆಗೆ ಎಳೆಯಿತು. ಕಡೆಗೆ ಬಡಗಿಗಳ ಹಕ್ಕು ಉಳಿದುಕೊಂಡಿತಾದರೂ, ಈ ಕಟ್ಟುಪಾಡಿನೊಳಗೆ ತನಗೆ ಏಳಿಗೆಯಿಲ್ಲವೆಂದು ಮಾರ್ಟಿನನು ಮನಗಂಡನು. 1833ರಲ್ಲಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹಡಗು ಹತ್ತಿ, ನ್ಯೂಯಾರ್ಕಿನ ಹಡ್ಸನ್ ಬೀದಿಯ 196ನೆಯ ನಂಬರಿನ ಮನೆಯಲ್ಲಿ ಅಂಗಡಿ ಇಟ್ಟನು.

ಬಡಗಿಯೆಂದು ಹೀಗಳೆಯಲ್ಪಟ್ಟವನು ಮಾಡಿದ ಗಿಟಾರಿಗೆ ಆ ದೇಶದಲ್ಲಿ ಗಿರಾಕಿಗಳು ದೊರೆತರು. ಆದರೆ ನಗರದ ಗದ್ದಲವು ಒಟಿಲಿಗೆ ಒಗ್ಗಲಿಲ್ಲವೆಂದು ಮನೆತನದಲ್ಲಿ ಹೇಳಿಕೊಂಡು ಬಂದಿದ್ದಾರೆ. ಹೈನ್ರಿಕ್ ಶಾಟ್ಸ್ ಎಂಬ ಸ್ಯಾಕ್ಸನಿಯ ಹಳೆಯ ಸ್ನೇಹಿತನು ನಜರೆತ್ತಿನ ಬಳಿ ನೆಲಸಿದ್ದನು. ಅಲ್ಲಿಯ ಬೆಟ್ಟ, ಹೊಲ, ಜರ್ಮನ್ ಮಾತು ತವರಿನ ನೆನಪು ತರುವಂತಿದ್ದುವು. 1839ರಲ್ಲಿ ಸಂಸಾರವು ಅಲ್ಲಿಗೆ ಬಂದಿತು. ಈ ವಿಷಯವನ್ನು ಓದಿ ನಮ್ಮ ಮನೆಯವರು ನಕ್ಕು, ಇಷ್ಟು ದೊಡ್ಡ ಕಾರ್ಖಾನೆ ಎಲ್ಲಿರಬೇಕೆಂಬುದನ್ನು ಒಬ್ಬ ಹೆಂಗಸಿನ ಬೇಸರವೇ ಗೊತ್ತುಮಾಡಿತೆಂದರು. ನಮಗೂ ಅದು ಅಪ್ರಿಯವಾದ ಮಾತಾಗಿ ಕಾಣಲಿಲ್ಲ.

1859ರಲ್ಲಿ ಊರೊಳಗೆ ನಾರ್ತ್ ಸ್ಟ್ರೀಟಿನ ಮೂಲೆಯಲ್ಲಿ ಕಟ್ಟಿದ ಇಟ್ಟಿಗೆಯ ಕಾರ್ಖಾನೆಯನ್ನು ಈಗಲೂ ನೋಡಬಹುದು. ಈಗ ಕೆಲಸ ನಡೆಯುವುದು 1964ರಲ್ಲಿ ಸಿಕಮೋರ್ ಸ್ಟ್ರೀಟಿನಲ್ಲಿ ಕಟ್ಟಿದ ವಿಶಾಲವಾದ ಹೊಸ ಕಾರ್ಖಾನೆಯಲ್ಲಿ. ನಾವು ಒಳಹೊಕ್ಕೊಡನೆ ಮೊದಲು ಬಂದುದು ಶಬ್ದವಲ್ಲ, ವಾಸನೆ. ಹೊಸದಾಗಿ ಕೊಯ್ದ ಮರದ, ಅಂಟಿನ, ಮೆರುಗೆಣ್ಣೆಯ ವಾಸನೆಗಳು ಬೆರೆತಿದ್ದುವು. ಅವುಗಳ ನಡುವೆ, ಗುಲಾಬಿಯಂತೆ ಸಿಹಿಯಾದ, ನಮಗೆ ಚಿಕ್ಕಂದಿನಿಂದ ಪರಿಚಿತವಾದ ಒಂದು ವಾಸನೆ. ಎಲ್ಲಿಯದೆಂದು ನೆನಪಿಸಿಕೊಳ್ಳುವಷ್ಟರಲ್ಲಿ, ಎದುರಿಗೆ ಅಡುಕಿದ್ದ ತೆಳುಹಲಗೆಗಳನ್ನು ತೋರಿಸಿ, ಇದು ಇಂಡಿಯಾದಿಂದ ಬಂದ ರೋಸ್‌ವುಡ್ ಎಂದರು. ನೋಡಿದರೆ ನಮ್ಮ ಬೀಟೆಯ ಮರ! ಕಪ್ಪು ನೇರಿಳೆಯ ಮೈ, ಅದರಲ್ಲಿ ಕಂದುಗೆಂಪಿನ ಗೆರೆಗಳು. ಏಳು ಸಮುದ್ರಗಳಾಚೆ ಸಂಬಂಧಿಕರನ್ನು ಕಂಡಂತಾಯಿತು.

ಇದರ ಕಥೆ ಇಷ್ಟು. ಗಿಟಾರಿನ ಬೆನ್ನಿಗೂ ಪಕ್ಕಗಳಿಗೂ ಮಾರ್ಟಿನ್ ಮನೆಯವರು ತಲೆತಲಾಂತರದಿಂದ ಬಳಸುತ್ತಿದ್ದುದು ಬ್ರೆಜಿಲ್ ದೇಶದ ರೋಸ್‌ವುಡ್. ಆ ಕಾಡುಗಳು ಕರಗುತ್ತ ಬಂದುವು. ಒಳ್ಳೆಯ ದಿಮ್ಮಿಗಳು ದೊರೆಯುವುದು ದುಸ್ತರವಾಯಿತು. 1969ರಲ್ಲಿ ಅವರು ತಮ್ಮ ಸಾಮಾನ್ಯ ಮಾದರಿಗಳಿಗೆ ಇಂಡಿಯಾದ ಬೀಟೆಯನ್ನು ಹಿಡಿದರು. ಕೊಡಗು, ಮಲೆನಾಡು, ವಯನಾಡು, ನೀಲಗಿರಿಗಳ ಬೆಟ್ಟಗಳಲ್ಲಿ, ಕಾಫಿಯ ತೋಟಗಳಿಗೆ ನೆರಳಾಗಿ ನಿಲ್ಲುವ ಮರ ಇದೇ. ಮೈಸೂರಿನ ಕುಶಲಿಗಳು ಇದರ ಹಲಗೆಯಲ್ಲಿಯೇ ಬಣ್ಣಬಣ್ಣದ ಮರದ ಚೂರುಗಳನ್ನು ಹುದುಗಿಸಿ ಆನೆ, ದಸರೆಯ ಮೆರವಣಿಗೆಗಳ ಚಿತ್ರಗಳನ್ನು ಮಾಡುವುದು. ದಿಮ್ಮಿಯಾಗಿ ಇದನ್ನು ದೇಶದಿಂದ ಹೊರಕ್ಕೆ ಕಳುಹಿಸುವಂತಿಲ್ಲ. ಗಿಟಾರಿನ ಅಳತೆಗೆ ಕೊಯ್ದ ಹಲಗೆಗಳಾಗಿ ಹೋಗುತ್ತದೆ. ಬ್ರೆಜಿಲಿನ ಮರವನ್ನು 1992ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವು ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಿತು. 2017ರಲ್ಲಿ ನಮ್ಮ ಬೀಟೆಯೂ ಅದರ ಬಂಧುವರ್ಗದ ಇತರ ಮರಗಳೂ ಅದೇ ಒಪ್ಪಂದದ ಹತೋಟಿಗೆ ಒಳಪಟ್ಟುವು. ಸಿದ್ಧವಾದ ವಾದ್ಯಗಳಿಗೆ 2019ರಲ್ಲಿ ಸ್ವಲ್ಪ ಸಡಿಲಿಕೆ ದೊರೆಯಿತು. ಒಬ್ಬ ಮನುಷ್ಯನ ಆಯುಸ್ಸಿನಲ್ಲಿ ಬೆಳೆದು ಮುಗಿಯುವ ಮರವಲ್ಲ ಇದು. ಅದನ್ನು ನೆಟ್ಟವನು ಕೊಯ್ಯಲಾರನು, ಕೊಯ್ಯುವವನು ನೆಟ್ಟವನಲ್ಲ.

ಮೊಮ್ಮಗನು ಹಲಗೆಯೊಂದನ್ನು ಮುಟ್ಟಿನೋಡಿ, “ಅಜ್ಜ, ನಮ್ಮ ಊರಿನ ಮನೆಯಲ್ಲಿ ಈ ಮರ ಇದೆಯೆ?” ಎಂದು ಕೇಳಿದನು. ಇತ್ತು ಎಂದಷ್ಟೇ ಹೇಳಿ ಮುಂದಕ್ಕೆ ನಡೆದೆವು.

ಇನ್ನು ವಾದ್ಯವನ್ನು ಮಾಡುವ ಬಗೆ. ವೀಣೆಯ ಕೊಡವನ್ನು ನಮ್ಮವರು ಹಲಸಿನ ಮರದ ಗಟ್ಟಿ ತುಂಡಿನಿಂದ ತೋಡಿ ತೆಗೆಯುವರು. ಗಿಟಾರಿನ ಒಡಲು ಹಾಗಲ್ಲ. ತೆಳುಹಲಗೆಗಳನ್ನು ಬಾಗಿಸಿ ಅಂಟಿಸಿ ಕಟ್ಟುವ ಪೆಟ್ಟಿಗೆ. ಬಡಗಿಗೂ ವಾದ್ಯಕ್ಕೂ ಏನು ಸಂಬಂಧವೆಂದು ಕೇಳಿದ ಶ್ರೇಣಿಯವರಿಗೆ ಇಲ್ಲಿಯೇ ಉತ್ತರವಿದೆ. ಪಕ್ಕದ ಪಟ್ಟಿಗಳನ್ನು ನೀರಿನ ಪಸೆ ಮತ್ತು ಕಾವುಗಳಿಂದ ಬಾಗಿಸಿ ಸೊಂಟದ ಆಕಾರಕ್ಕೆ ತರುತ್ತಾರೆ. ಈ ತೆಳು ಪಟ್ಟಿಯ ಅಂಚಿಗೆ ಮೇಲುಹಲಗೆ ಅಂಟಿ ನಿಲ್ಲಬೇಕಾದರೆ ಒಳಗಡೆ ಒಂದು ಮರದ ಅಂಚುಪಟ್ಟಿ ಬೇಕು. ಅದನ್ನು ಅಂಟು ಒಣಗುವವರೆಗೆ ಅದುಮಿಡುವುದಕ್ಕೆ ಅವರು ಉಪಯೋಗಿಸುವುದು ಬಟ್ಟೆ ಒಣಹಾಕುವ ಮರದ ಕ್ಲಿಪ್ಪುಗಳನ್ನು! ಬಿಗಿಯು ಹೆಚ್ಚಲೆಂದು ಅವಕ್ಕೆ ರಬ್ಬರಿನ ಉಂಗುರಗಳನ್ನು ಸುತ್ತಿರುತ್ತಾರೆ. ಡಜನುಗಟ್ಟಲೆ ಕ್ಲಿಪ್ಪುಗಳನ್ನು ಕಚ್ಚಿಸಿಕೊಂಡ ಆ ಮರದ ಬಳೆಯು ಮುಳ್ಳುಹಂದಿಯಂತೆ ಕಾಣುತ್ತಿತ್ತು. ನಾವು ಮೊದಲು ಹೇಳಿದ ಹೆಂಗಸು ಕುಳಿತಿದ್ದುದು ಇಲ್ಲಿಯೇ. ಆಕೆಯ ಬೆರಳುಗಳು ಹೂಕಟ್ಟುವವರ ಬೆರಳುಗಳಂತೆ, ಕಣ್ಣಿನ ಸಹಾಯವನ್ನು ಬೇಡದೆ ಓಡುತ್ತಿದ್ದುವು.

ಮೇಲಿನ ಹಲಗೆಯು ಸ್ಪ್ರೂಸ್ ಎಂಬ ಶೀತದೇಶದ ಮರದ್ದು. ಒಂದು ತುಂಡನ್ನು ಪುಸ್ತಕ ಬಿಡಿಸಿದಂತೆ ಎರಡಾಗಿ ಸೀಳಿ, ಎಡದ ಗೆರೆಗಳು ಬಲಕ್ಕೆ ಕನ್ನಡಿಯಲ್ಲಿ ಕಂಡಂತೆ ಹೊಂದಿಸಿ ಜೋಡಿಸುವರು. ಅದರ ದಪ್ಪ ಸುಮಾರು 3 ಮಿಲಿಮೀಟರು. ಆರು ಉಕ್ಕಿನ ತಂತಿಗಳನ್ನು ಶ್ರುತಿಗೇರಿಸಿದಾಗ ಈ ಹಲಗೆಯ ಮೇಲೆ ಬೀಳುವ ಎಳೆತವು ಸುಮಾರು 75 ಕಿಲೋಗ್ರಾಂ. ಎಂದರೆ ದೃಢಕಾಯನಾದ ಒಬ್ಬ ಆಳಿನ ಭಾರ. ಹಲಗೆಯನ್ನು ದಪ್ಪಮಾಡಿದರೆ ವಾದ್ಯವು ಮೂಗಾಗುವುದು. ತೆಳ್ಳಗೆ ಮಾಡಿದರೆ ಉಬ್ಬಿ ಮುರಿಯುವುದು. ಈ ಇಕ್ಕಟ್ಟಿನ ನಡುವೆ ದಾರಿ ಕಂಡುಹಿಡಿಯುವುದೇ ಇಲ್ಲಿಯ ವಿದ್ಯೆ. ಹಲಗೆಯ ಅಡಿಯಲ್ಲಿ ಎರಡು ಮರದ ಪಟ್ಟಿಗಳನ್ನು ಗುಣಿಸುವ ಚಿಹ್ನೆಯಂತೆ ಅಡ್ಡಡ್ಡವಾಗಿ ದಾಟಿಸಿ, ಸುತ್ತ ಸಣ್ಣ ಪಟ್ಟಿಗಳನ್ನು ಅಂಟಿಸುವ ಕ್ರಮವು 1840ರ ದಶಕದಲ್ಲಿ ಮೊದಲ ಮಾರ್ಟಿನನ ಕೈಯಲ್ಲಿ ಹದಗೊಂಡಿತು. ಆಗ ಇದ್ದುದು ಕರುಳಿನ ಮೃದುವಾದ ತಂತಿಗಳು. ಮುಂದೆ 20ನೆಯ ಶತಮಾನದಲ್ಲಿ ಉಕ್ಕಿನ ತಂತಿಗಳು ಬಂದಾಗ, ಅಜ್ಜನು ಮಾಡಿಟ್ಟ ಆ ಕಟ್ಟೇ ಆ ಬಿಗಿತವನ್ನು ತಾಳಿಕೊಂಡಿತು. ಉಕ್ಕಿನ ತಂತಿಯ ಗಿಟಾರು ಮಾಡುವವರು ಇಂದಿಗೂ ಲೋಕದಲ್ಲೆಲ್ಲ ಬಹುಮಟ್ಟಿಗೆ ಅನುಸರಿಸುವುದು ಅದನ್ನೇ.

ಈ ಪಟ್ಟಿಗಳ ವಿಷಯದಲ್ಲಿ ಒಂದು ಸಂಗತಿಯನ್ನು ಹೇಳಬೇಕು. ಮೊದಲು ಅವುಗಳನ್ನು ಅಲ್ಲಲ್ಲಿ ಉಳಿಯಿಂದ ಕೆತ್ತಿ ತಗ್ಗು ಮಾಡಿ ಹಗುರಗೊಳಿಸುತ್ತಿದ್ದರು. ಅದರಿಂದ ನಾದವು ತುಂಬಿಬರುತ್ತಿತ್ತು. ಆದರೆ ಜನರು ಭಾರಿ ತಂತಿಗಳನ್ನು ಕಟ್ಟತೊಡಗಿದಾಗ ವಾದ್ಯಗಳು ದುರಸ್ತಿಗೆ ಬರಲಾರಂಭಿಸಿದುವು. 1944ರಲ್ಲಿ ಕೆತ್ತುವುದನ್ನು ನಿಲ್ಲಿಸಿದರು. ವಾದ್ಯವು ಗಟ್ಟಿಯಾಯಿತು; ಆದರೆ ಹಳೆಯ ನಾದವನ್ನು ಬಲ್ಲವರು ಹಳೆಯ ಗಿಟಾರುಗಳನ್ನೇ ಹುಡುಕಿಕೊಂಡು ಹೋಗತೊಡಗಿದರು. ಕಡೆಗೆ 1976ರಲ್ಲಿ ಒಂದು ಮಾದರಿಯಲ್ಲಿ ಮತ್ತೆ ಹಿಂದಿನಂತೆ ಕೆತ್ತಲು ಮೊದಲುಮಾಡಿದರು. ಇಂದು ಆ ಕೆಲಸ ನಡೆಯುವ ಮೇಜಿನ ಮುಂದೆ ನಾವು ನಿಂತಿದ್ದೆವು. ಹರಿತವಾದ ಉಳಿಯೊಂದು ಬೆಣ್ಣೆಯಲ್ಲಿ ಹೋದಂತೆ ಮರದಲ್ಲಿ ಹೋಗುತ್ತಿತ್ತು. ಹಳೆಯದನ್ನು ಬಿಟ್ಟುದು ತಪ್ಪೆಂದು ಒಪ್ಪಿಕೊಂಡು ಅದಕ್ಕೆ ಹಿಂದಿರುಗುವುದು, ಎಂದೂ ಬಿಡದೆ ಇರುವುದಕ್ಕಿಂತ ಕಷ್ಟವಾದ ಕೆಲಸವೆಂದು ನಮಗೆ ತೋರಿತು.

ಎಲ್ಲವನ್ನೂ ಕೈಯಿಂದಲೇ ಮಾಡುತ್ತಾರೆಂದು ಹೇಳಿದರೆ ವಾಚಕರನ್ನು ವಂಚಿಸಿದಂತಾಗುವುದು. ಹಲಗೆಗಳನ್ನು ಬೆಳಕಿನ ಕಿರಣದಿಂದ ಕತ್ತರಿಸುವ ಯಂತ್ರಗಳೂ, ದಂಡಿಯನ್ನು ಕಡೆಯುವ ಯಂತ್ರಗಳೂ, ಮೆರುಗೆಣ್ಣೆಯನ್ನು ಉಜ್ಜಿ ಹೊಳಪೇರಿಸುವ ಯಂತ್ರದ ತೋಳೂ ಅಲ್ಲಿವೆ. ಕಡಮೆ ಬೆಲೆಯ ಮಾದರಿಗಳನ್ನು ಮೆಕ್ಸಿಕೋ ದೇಶದಲ್ಲಿರುವ ಇನ್ನೊಂದು ಕಾರ್ಖಾನೆಯಲ್ಲಿ ಮಾಡುತ್ತಾರೆ. ಆದರೆ ದಂಡಿಯು ಒಡಲಿಗೆ ಸೇರುವ ಸಂಧಿಯಲ್ಲಿ, ಒಂದರ ಮೊನೆಯು ಇನ್ನೊಂದರ ಕಂಡಿಯಲ್ಲಿ ಕಚ್ಚಿಕೊಳ್ಳುವಂತೆ ಮಾಡುವ ಕೆಲಸವು ಮಾತ್ರ ಉಳಿಯದೂ ಕೈಯದೂ. ಸೀಮೆಸುಣ್ಣ ಬಳಿದು ಸೇರಿಸಿ ನೋಡುವುದು, ಎಲ್ಲಿ ತಾಗಿತೆಂದು ಗುರುತಿಸುವುದು, ಕೂದಲೆಳೆಯಷ್ಟು ತೆಗೆಯುವುದು, ಮತ್ತೆ ಸೇರಿಸುವುದು. ಈ ಮನೆತನದ ಮೂರನೆಯ ತಲೆಯವನಾದ ಫ್ರಾಂಕ್ ಹೆನ್ರಿ ಮಾರ್ಟಿನನು 1904ರ ತನ್ನ ಬೆಲೆಪಟ್ಟಿಯ ಮುನ್ನುಡಿಯಲ್ಲಿ, ಒಳ್ಳೆಯ ನಾದದ ವಾದ್ಯ ಮಾಡುವುದರಲ್ಲಿ ಗುಟ್ಟೇನೂ ಇಲ್ಲ, ಬೇಕಾದುದು ಎಚ್ಚರಿಕೆ ಮತ್ತು ತಾಳ್ಮೆ ಎಂಬ ಅಭಿಪ್ರಾಯವನ್ನು ಬರೆದಿದ್ದಾನೆ. ಆ ಮೇಜಿನ ಮುಂದೆ ಐದು ನಿಮಿಷ ನಿಂತವರಿಗೆ ಅದಕ್ಕೆ ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ.

ಕಾರ್ಖಾನೆಗೆ ಸೇರಿದಂತೆಯೇ ಒಂದು ವಸ್ತುಸಂಗ್ರಹಾಲಯವಿದೆ. ಗಾಜಿನ ಬೀರುಗಳಲ್ಲಿ ವಾದ್ಯಗಳು ತಲೆಮಾರುಗಳ ಕ್ರಮದಲ್ಲಿ ನಿಂತಿವೆ. ಅವುಗಳನ್ನು ನೋಡುತ್ತ ಹೋದರೆ, ಈ ಮನೆತನದಲ್ಲಿ ಯಾವ ತಲೆಗೂ ಆಸ್ತಿಯು ಸುಮ್ಮನೆ ದೊರೆತುದಲ್ಲವೆಂಬುದು ತಿಳಿಯುವುದು. ಮೂಲಪುರುಷನು 1873ರಲ್ಲಿ ತೀರಿಕೊಂಡನು. ಅವನ ಹೆಸರನ್ನೇ ಇಟ್ಟುಕೊಂಡಿದ್ದ ಮಗನು 1888ರಲ್ಲಿ ಹೋದನು. ಆಗ ಭಾರವು ಬಿದ್ದುದು ಇಪ್ಪತ್ತೆರಡು ವರ್ಷದ ಫ್ರಾಂಕ್ ಹೆನ್ರಿಯ ಮೇಲೆ. ಗಿಟಾರಿನ ಗಿರಾಕಿ ಕುಂದಿ, ಇಟಲಿಯಿಂದ ಬಂದ ಜನರೊಡನೆ ಬಂದ ಮ್ಯಾಂಡೊಲಿನ್ ಜನಪ್ರಿಯವಾಗುತ್ತಿದ್ದ ಕಾಲ. ಮಾರಾಟವನ್ನು ವಹಿಸಿಕೊಂಡಿದ್ದ ಹಳೆಯ ವ್ಯಾಪಾರಿಗಳಿಗೆ ಈ ಹೊಸ ವಾದ್ಯವು ಬೇಡವಾಗಿತ್ತು. ತಾತನ ಕಾಲದ ಆ ಸಂಬಂಧವನ್ನು ಹುಡುಗನು 1898ರಲ್ಲಿ ಕಡಿದುಕೊಂಡು, ತನ್ನ ಮಾರಾಟವನ್ನು ತಾನೇ ನೋಡಿಕೊಳ್ಳತೊಡಗಿದನು. ವಾದ್ಯಗಳಿಗೆ ಕ್ರಮಸಂಖ್ಯೆ ಹಾಕಲು ಮೊದಲುಮಾಡಿದುದೂ ಆ ವರ್ಷವೇ. ಅಲ್ಲಿಯವರೆಗೆ ಎಷ್ಟು ಮಾಡಿರಬಹುದೆಂದು ಅಂದಾಜು ಮಾಡಿ 8000ದಿಂದ ಎಣಿಕೆಯನ್ನು ಹಿಡಿದರು. ಹತ್ತುಲಕ್ಷದ ವಾದ್ಯವು ಹೊರಬಂದುದು 2004ರಲ್ಲಿ. ಮೊದಲ ಹತ್ತುಲಕ್ಷಕ್ಕೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿದರೆ, ಎರಡನೆಯ ಹತ್ತುಲಕ್ಷವು 2017ರ ಹೊತ್ತಿಗೇ ತುಂಬಿತು.

ಹವಾಯಿ ದ್ವೀಪಗಳ ಉಕುಲೇಲೆಯೆಂಬ ನಾಲ್ಕು ತಂತಿಯ ಪುಟ್ಟ ವಾದ್ಯವನ್ನು ಇವರು 1907ರಲ್ಲಿ ಮಾಡಿನೋಡಿ ಸೋತರು. ಗಿಟಾರಿನಂತೆಯೇ ಕಟ್ಟಿದುದರಿಂದ ಅದರ ದನಿ ಏಳಲಿಲ್ಲ. ಮತ್ತೆ ಕಲಿತು, 1916ರಿಂದೀಚೆಗೆ ಮಾಡಿದುದು ಕಾರ್ಖಾನೆಯನ್ನು ವಿಸ್ತರಿಸಬೇಕಾಗುವಷ್ಟು ಖರ್ಚಾಯಿತು. ಅದೇ 1916ರಲ್ಲಿ ಬಾಸ್ಟನ್ನಿನ ಡಿಟ್ಸನ್ ಕಂಪೆನಿಗಾಗಿ ಮಾಡಿಕೊಟ್ಟ ಅಗಲ ಸೊಂಟದ, ಗಂಭೀರ ನಾದದ ಗಿಟಾರಿಗೆ ಬ್ರಿಟಿಷರ ಯುದ್ಧದ ಹಡಗೊಂದರ ಹೆಸರನ್ನು ಹಿಡಿದು ಡ್ರೆಡ್‌ನಾಟ್ ಎಂದು ಕರೆದರು. 1931ರಲ್ಲಿ ಅದು ಮಾರ್ಟಿನರ ಸ್ವಂತ ಹೆಸರಿನಲ್ಲಿಯೇ ಹೊರಬಂದಿತು. ಜಗತ್ತಿನ ವ್ಯಾಪಾರವೆಲ್ಲ ಕುಸಿದಿದ್ದ ಆ ದುರ್ಭಿಕ್ಷದ ವರ್ಷಗಳಲ್ಲಿ ಪಿಟೀಲಿನ ಬಿಡಿಭಾಗಗಳನ್ನೂ ಮಾಡಿ ಹೊಟ್ಟೆಹೊರೆದುಕೊಂಡ ಕಾರ್ಖಾನೆಯು, ಅದೇ ವರ್ಷಗಳಲ್ಲಿ ತನ್ನ ಅತ್ಯುತ್ತಮವೆಂದು ಇಂದು ಎಣಿಸಲ್ಪಡುವ ವಾದ್ಯಗಳನ್ನು ಮಾಡಿತು. ಪಿಟೀಲಿನವರಿಂದ ಹೊರದೂಡಿಸಿಕೊಂಡವನ ಮರಿಮಕ್ಕಳು ಪಿಟೀಲಿನ ಭಾಗಗಳನ್ನು ಮಾಡಿ ಬದುಕಿದರೆಂಬುದು ವಿಧಿಯ ಒಂದು ವಿನೋದ.

ದುಃಖದ ಅಧ್ಯಾಯವೂ ಇದೆ. ಐದನೆಯ ತಲೆಯ ಫ್ರಾಂಕ್ ಹರ್ಬರ್ಟ್ ಮಾರ್ಟಿನನು ಉದ್ಯಮವನ್ನು ಹಿಗ್ಗಿಸಬೇಕೆಂದು ಬ್ಯಾಂಜೋ, ತಂತಿ, ಡೋಲು ಮಾಡುವ ಬೇರೆ ಬೇರೆ ಕಂಪೆನಿಗಳನ್ನು ಕೊಂಡನು. 1971ರಲ್ಲಿ ವರ್ಷಕ್ಕೆ 22 ಸಾವಿರಕ್ಕೂ ಹೆಚ್ಚು ಗಿಟಾರುಗಳು ಹೊರಬಂದಿದ್ದುವು. ಆದರೆ ಕಾಲವು ತಿರುಗಿತು. ಜನರು ವಿದ್ಯುತ್ತಿನ ವಾದ್ಯಗಳ ಕಡೆಗೆ ವಾಲಿದರು. 1977ರಲ್ಲಿ ಕೆಲಸಗಾರರ ದೀರ್ಘವಾದ ಮುಷ್ಕರ ನಡೆಯಿತು. 1982ರ ಹೊತ್ತಿಗೆ ವರ್ಷದ ಎಣಿಕೆಯು 3 ಸಾವಿರದಷ್ಟಕ್ಕೆ ಇಳಿದಿತ್ತು. ಒಂದೂವರೆ ಶತಮಾನದ ಮನೆಯು ಮುಚ್ಚಿಹೋಗುವುದರಲ್ಲಿತ್ತು. 1986ರಲ್ಲಿ ನಾಲ್ಕನೆಯ ತಲೆಯ ವೃದ್ಧನು ತೀರಿಕೊಂಡಾಗ, ಅವನ ಮೊಮ್ಮಗನು ಮೂವತ್ತರ ಆಸುಪಾಸಿನಲ್ಲಿದ್ದನು. ಅಂದು ಆಡಳಿತವನ್ನು ವಹಿಸಿಕೊಂಡ ಈ ನಾಲ್ಕನೆಯ ಕ್ರಿಸ್ಟಿಯನ್ ಫ್ರೆಡರಿಕ್ ಮಾರ್ಟಿನನು, ಉಳಿದ ಗೊಡವೆಗಳನ್ನು ಬಿಟ್ಟು ಗಿಟಾರಿಗೇ ಮನಸ್ಸನ್ನು ಕೊಟ್ಟು, ಮನೆಯನ್ನು ಎತ್ತಿ ನಿಲ್ಲಿಸಿದನು. 2021ರಲ್ಲಿ ಅವನು ದೈನಂದಿನ ಆಡಳಿತದಿಂದ ನಿವೃತ್ತನಾದಾಗ ಆ ಸ್ಥಾನಕ್ಕೆ ಬಂದವನು, ಮೊತ್ತಮೊದಲ ಬಾರಿಗೆ, ಮನೆತನಕ್ಕೆ ಸೇರದವನು. ಒಡೆತನವು ಮಾತ್ರ ಮನೆತನದಲ್ಲಿಯೇ ಉಳಿದಿದೆ.

ಇದನ್ನು ಕೇಳಿ ನಮಗೆ ಮೊದಲು ಖೇದವಾಯಿತು. ಬಳಿಕ ಯೋಚಿಸಿದಂತೆಲ್ಲ, ಬಟ್ಟೆಯ ಕ್ಲಿಪ್ಪು ಸಿಕ್ಕಿಸುವ ಹೆಂಗಸೂ, ಸಂಧಿಯನ್ನು ಹೊಂದಿಸುವ ಗಂಡಸೂ ಮಾರ್ಟಿನ್ ಮನೆತನದವರಲ್ಲವಷ್ಟೆ ಎಂದು ತೋರಿತು. ಈ ವಾದ್ಯದ ವಿದ್ಯೆಯು ಬಹುಕಾಲದಿಂದ ಅವರ ಕೈಗಳಲ್ಲಿಯೇ ಇದೆ. ಮಕ್ಕಳಿಗೆ ಹೆಸರು ಸಿಕ್ಕುವುದು ಹುಟ್ಟಿನಿಂದ. ಆ ಹೆಸರನ್ನು ಉಳಿಸುವುದು ದಿನದಿನದ ಕೆಲಸದಿಂದ. ಕುಲದ ಕಟ್ಟನ್ನು ಸಹಿಸದೆ ಹೊರಟುಬಂದವನ ಮನೆಯು, ಕಡೆಗೆ ಕುಲವನ್ನು ನೋಡದೆ ವಿದ್ಯೆಯನ್ನು ನೋಡಿ ಆಡಳಿತವನ್ನು ಒಪ್ಪಿಸಿದುದರಲ್ಲಿ ಅನುಚಿತವೇನೂ ಕಾಣುವುದಿಲ್ಲ.

ಹೊರಗೆ ಬರುವ ದಾರಿಯಲ್ಲಿ ಒಂದು ಸಣ್ಣ ಕೋಣೆಯಿದೆ. ಗೋಡೆಯ ತುಂಬ ಗಿಟಾರುಗಳು. ಬಂದವರು ಯಾವುದನ್ನು ಬೇಕಾದರೂ ತೆಗೆದುಕೊಂಡು ನುಡಿಸಿನೋಡಬಹುದು. ಸಾವಿರಾರು ಡಾಲರು ಬೆಲೆಬಾಳುವ ವಾದ್ಯವನ್ನು ನಮ್ಮ ಹುಡುಗನ ಕೈಗೆ ಕೊಡಲು ನಮ್ಮ ಮಗಳು ಹೆದರಿದಳು. ಅಲ್ಲಿದ್ದವರು ನಗುತ್ತ ತಾವೇ ತೆಗೆದುಕೊಟ್ಟರು. ಬೆನ್ನು ಬೀಟೆಯದು. ಹುಡುಗನು ಶಾಲೆಯಲ್ಲಿ ಕಲಿತುದನ್ನು ಒಂದೆರಡು ಬಾರಿಸಿ, ಅಜ್ಜಿಯ ಮುಖವನ್ನು ನೋಡಿ, ಮೋಹನ ರಾಗದ ಆರೋಹಣವನ್ನು ಹಿಡಿದನು. ಬಿಡಿ ಸ್ವರಗಳೇ, ಗಮಕವಿರಲಿಲ್ಲ. ಆದರೆ ಒಂದೊಂದು ಸ್ವರವೂ ಮೀಟಿದ ಮೇಲೆ ಬಹಳ ಹೊತ್ತು ಬದುಕಿ, ಮುಂದಿನದಕ್ಕೆ ಕೈಕೊಟ್ಟು ಅಡಗುತ್ತಿತ್ತು. ನಮ್ಮ ಮನೆಯವರು ತಲೆದೂಗಿ, ಮರ ನಮ್ಮದಲ್ಲವೆ ಎಂದರು. ವ್ಯಾಜ್ಯವು ಹಾಗೆ ಇಬ್ಬರಿಗೂ ಸೋಲಾಗದಂತೆ ತೀರಿತು.

ಹಿಂದಿರುಗುವಾಗ ಮೋಟಾರಿನಲ್ಲಿ ಹುಡುಗನು ಮತ್ತೆ ಆ ಮಾತನ್ನೆತ್ತಿದನು. ನಮ್ಮ ಮನೆಯಲ್ಲಿದ್ದ ಬೀಟೆಯ ಮರ ಎಂಥದು? ಹೇಳಲೇಬೇಕಾಯಿತು. ನಮ್ಮ ತಾತನವರು ಮಲೆನಾಡಿನ ಬಡಗಿಯೊಬ್ಬನಿಂದ ಮಾಡಿಸಿದ್ದ ತೊಟ್ಟಿಲು ಅದು. ನಾಲ್ಕು ಮೂಲೆಗೆ ನಾಲ್ಕು ಗಿಳಿಗಳು, ತೂಗಿದಾಗ ಸದ್ದಿಲ್ಲ. ನಮ್ಮ ತಂದೆ, ನಾವು, ಕಡೆಗೆ ಈ ಹುಡುಗನ ತಾಯಿ ಅದರಲ್ಲಿ ಮಲಗಿದ್ದವರು. ಮನೆ ಪಾಲಾದಾಗ, ಪಟ್ಟಣದ ಮನೆಗಳಲ್ಲಿ ಅದನ್ನಿಡಲು ಯಾರಿಗೂ ಸ್ಥಳವಿರಲಿಲ್ಲ. ಹಳೆಯ ಸಾಮಾನು ಕೊಳ್ಳುವವನೊಬ್ಬನು ಬಂದನು. ಅವನಿಗೆ ಅದನ್ನು ಎತ್ತಿ ಬಂಡಿಗೆ ಹಾಕಲು ಕೈಕೊಟ್ಟವರೂ ನಾವೇ.

“ಎಷ್ಟಕ್ಕೆ ಮಾರಿದಿರಿ, ಅಜ್ಜ?” ಎಂದು ಹುಡುಗನು ಕೇಳಿದನು. ಅವನ ಮಾತಿನಲ್ಲಿ ಆಕ್ಷೇಪಣೆಯಿರಲಿಲ್ಲ. ಆ ದಿನವೆಲ್ಲ ಗಿಟಾರುಗಳ ಬೆಲೆಯನ್ನು ಕೇಳುತ್ತ ಬಂದಿದ್ದವನು ಇದರದನ್ನೂ ಕೇಳಿದನು, ಅಷ್ಟೆ. ಎಷ್ಟು ಯೋಚಿಸಿದರೂ ನಮಗೆ ಆ ಮೊತ್ತವು ನೆನಪಿಗೆ ಬರಲಿಲ್ಲ. ಮುಂದೆ ಕುಳಿತಿದ್ದ ಮಗಳು ಹಿಂದಕ್ಕೆ ತಿರುಗಿ ನೋಡಲಿಲ್ಲ.

ವಾಚಕರೇ, ಮಾರ್ಟಿನ್ ಮನೆತನದವರಂತೆ ಕಾರ್ಖಾನೆಯನ್ನು ಮಕ್ಕಳಿಗೆ ಬಿಟ್ಟುಹೋಗುವ ಯೋಗ ನಮ್ಮಲ್ಲಿ ಬಹುಮಂದಿಗೆ ಇಲ್ಲ. ಆದರೆ ಪ್ರತಿಯೊಂದು ಮನೆಯಲ್ಲಿಯೂ ಹಿಂದಿನವರ ಕೈಕೆಲಸದ ಒಂದಾದರೂ ವಸ್ತುವಿರುವುದು. ಅದು ಅಟ್ಟದ ಮೇಲಿದ್ದರೆ ಕೆಳಗಿಳಿಸಿ ನೋಡುವುದು ಒಳ್ಳೆಯದು. ನಾವು ಊರಿಗೆ ಬಂದ ಮೇಲೆ, ಹದಿನೈದು ವರ್ಷಗಳಿಂದ ಗವುಸು ತೆಗೆಯದೆ ಮೂಲೆಯಲ್ಲಿದ್ದ ನಮ್ಮ ಮನೆಯವರ ವೀಣೆಯನ್ನು ಹೊರಕ್ಕೆ ತೆಗೆದೆವು. ಮೇಣವು ಬಿರುಕುಬಿಟ್ಟು ಮೆಟ್ಟಿಲುಗಳು ಕದಲಿದ್ದುವು. ಎರಡು ಬಿರಡೆಗಳು ನಿಲ್ಲುತ್ತಿರಲಿಲ್ಲ. ಈ ಕೆಲಸ ಬಲ್ಲ ವೃದ್ಧರೊಬ್ಬರನ್ನು ಹುಡುಕಿ ಕರೆತಂದೆವು. ಅವರು ನಮ್ಮ ಹಜಾರದಲ್ಲಿ ಕುಳಿತು ಹೊಸ ಮೇಣವನ್ನು ಕಾಯಿಸಿ, ಮೆಟ್ಟಿಲುಗಳನ್ನು ಒಂದೊಂದಾಗಿ ಕೂರಿಸಿ, ಕಿವಿಗೊಟ್ಟು ಕೇಳಿ, ಕೂದಲೆಳೆಯಷ್ಟು ಸರಿಸಿ, ಮತ್ತೆ ಕೇಳಿ, ಮೂರು ದಿನಗಳಲ್ಲಿ ಮುಗಿಸಿದರು. ಮುಂದಿನ ಬೇಸಗೆಯ ರಜೆಗೆ ಮೊಮ್ಮಗನು ಬರುವನು.